ಸರಳ ಜೀವಿಗೆ ಡಿಕ್ಕಿ ಇರುವ ಕಾರು ಬೇಕು

ಸರಳ ಜೀವನದ ಬಗ್ಗೆ ಒಳ್ಳೆಯ ಭಾಷಣ ಮಾಡಿದವರು ಸಭೆ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವಂತಿಲ್ಲ. ಕಾರಿನ ಡಿಕ್ಕಿ ಬೇಕು. ಭಾಷಣ ತುಂಬಾ ಚೆನ್ನಾಗಿದ್ದರೆ ಹಿಂದಿನ ಸೀಟೂ ಬೇಕಾಗುತ್ತದೆ.

ನಮ್ಮ ಕಡೆಯ ಯಾವ ಸಭೆಗಾದರೂ ಹೋಗಿ ನೋಡಿ, ಬೆಂಗಳೂರೋ ಹೋಬಳಿಯೋ, ವ್ಯತ್ಯಾಸ ಇಲ್ಲ. ಅತಿಥಿಗಳು ಮುಕ್ಕಾಲು ಗಂಟೆ ಮೈಕ್ ಹಿಡಿದು, ಮನುಷ್ಯನಿಗೆ ಬೇಕಾಗಿರುವುದು ಎರಡು ಹೊತ್ತು ಊಟ, ಎರಡು ಜೊತೆ ಬಟ್ಟೆ, ಉಳಿದದ್ದೆಲ್ಲ ಭಾರ ಅನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಚಪ್ಪಾಳೆ ನಿಲ್ಲುವ ಮೊದಲೇ ನಿರೂಪಕಿ, "ಇಂಥ ಸರಳ ಜೀವಿಯನ್ನು ಸನ್ಮಾನಿಸುವುದು ನಮ್ಮ ಸೌಭಾಗ್ಯ" ಅನ್ನುತ್ತಾರೆ. ಅಲ್ಲಿಗೆ ಸರಳ ಜೀವಿಯ ಕಥೆ ಮುಗಿಯಿತು. ಶಾಲು ಬಂತು. ಹಾರ ಬಂತು. ಮೈಸೂರು ಪೇಟ ಬಂತು. ಅದನ್ನು ಈಗ ಸುತ್ತುವ ಕೆಲಸ ಇಲ್ಲ, ಟೋಪಿ ಥರ ಇಟ್ಟರೆ ಆಯ್ತು, ಅಳತೆ ಮಾತ್ರ ಯಾರ ತಲೆಗೂ ಕೂರುವುದಿಲ್ಲ. ಹಣ್ಣಿನ ಬುಟ್ಟಿ ಬಂತು. ಸ್ಮರಣಿಕೆ ಬಂತು. ಇಷ್ಟಕ್ಕೆ ಬಿಡುತ್ತಾರಾ? "ಶ್ರೀಮತಿಯವರೂ ದಯವಿಟ್ಟು ವೇದಿಕೆಗೆ ಬರಬೇಕು." ಅವರ ಕೈಗೆ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಬ್ಲೌಸ್ ಪೀಸು.

ಈ ಸಾಮಾನುಗಳನ್ನು ಒಂದ್ಸಲ ಹತ್ತಿರದಿಂದ ನೋಡಬೇಕು. ಶಾಲು ಚಳಿಗೆ ಹೊದೆಯುವಷ್ಟು ದಪ್ಪ ಇರಲ್ಲ, ಸೆಖೆಗೆ ತಡೆಯುವಷ್ಟು ತೆಳ್ಳಗೂ ಇರಲ್ಲ. ಅಂಚಿನ ಜರಿ ಕತ್ತಿಗೆ ಚುಚ್ಚುತ್ತದೆ. ಬೆಲೆ ಚೀಟಿ ಕಿತ್ತ ಜಾಗದಲ್ಲಿ ಸ್ಟೇಪ್ಲರ್ ಪಿನ್ ಹಾಗೇ ಉಳಿದಿರುತ್ತದೆ, ಅದೂ ಚುಚ್ಚುತ್ತದೆ. ಹಣ್ಣಿನ ಬುಟ್ಟಿಯಲ್ಲಿ ಕಾಣಿಸುವುದು ಸ್ಟಿಕ್ಕರ್ ಅಂಟಿಸಿದ ನಾಲ್ಕು ಸೇಬು, ಎರಡು ಮೂಸಂಬಿ, ಒಂದು ದಾಳಿಂಬೆ. ಅದರ ಕೆಳಗೆ ಉಂಡೆ ಮಾಡಿ ತುರುಕಿದ ಹಳೇ ನ್ಯೂಸ್‌ಪೇಪರ್. ಬುಟ್ಟಿ ತುಂಬಿ ತುಳುಕುವುದು ಆ ಪೇಪರಿನ ದಯೆಯಿಂದ.

ಸ್ಮರಣಿಕೆಯದ್ದು ಬೇರೆಯೇ ಕಥೆ. ಅದು ಗಾಜಿನ ಪೆಟ್ಟಿಗೆಯೊಳಗಿನ ಗೀತೋಪದೇಶ ಆಗಿರಬಹುದು, ಚಿನ್ನದ ಬಣ್ಣ ಬಳಿದ ವೀಣೆ ಆಗಿರಬಹುದು. ಗಡಿಯಾರ ಆಗಿದ್ದರೆ ಸೆಲ್ ಹಾಕಿರುವುದಿಲ್ಲ, ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿರುತ್ತದೆ. ಕೆಳಗೊಂದು ಹಿತ್ತಾಳೆ ಬಣ್ಣದ ತಗಡು, ಅದರ ಮೇಲೆ ಅತಿಥಿಯ ಹೆಸರು. ಹತ್ತರಲ್ಲಿ ನಾಲ್ಕು ಸಲ ಒತ್ತಕ್ಷರ ತಪ್ಪಾಗಿರುತ್ತದೆ. ಈ ತಗಡೇ ಅಪಾಯ. ಶಾಲನ್ನು ಇನ್ನೊಬ್ಬರಿಗೆ ಹೊದಿಸಬಹುದು, ಹಣ್ಣನ್ನು ಅಕ್ಕಪಕ್ಕದವರಿಗೆ ಹಂಚಬಹುದು. ಹೆಸರು ಕೆತ್ತಿದ್ದನ್ನು ಯಾರಿಗೆ ಕೊಡುತ್ತೀರಿ? ಗುಜರಿಯವನು ಕೂಡ ತಿರುಗಿಸಿ ನೋಡಿ, "ಒಳಗೆಲ್ಲ ಪ್ಲಾಸ್ಟಿಕ್ಕು ಸಾರ್, ತೂಕಕ್ಕೆ ಬರಲ್ಲ" ಅಂತ ವಾಪಸ್ ಇಡುತ್ತಾನೆ.

ಊರಿಗೆ ಬೇಕಾದ ಯಾವುದಾದರೂ ನಿವೃತ್ತ ಮೇಷ್ಟ್ರ ಮನೆಗೆ ಹೋಗಿ. ಶೋಕೇಸ್ ತುಂಬಿ, ಟೀವಿ ಮೇಲೆ ತುಂಬಿ, ಅಟ್ಟಕ್ಕೆ ಹತ್ತಿ ಕೂತಿರುತ್ತವೆ ಇವು. ಸೊಸೆ ಧೂಳು ಒರೆಸಿ ಸುಸ್ತಾಗಿರುತ್ತಾಳೆ. ಆಮೇಲೆ ಮಗ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ತಗೊಳ್ತಾನೆ. ಇಂಟೀರಿಯರ್‌ನವನು ಬಂದು 'ಮಿನಿಮಲ್ ಲುಕ್' ಕೊಡೋಣ ಸಾರ್ ಅನ್ನುತ್ತಾನೆ. ಅಂದರೆ ಏನೂ ಕಾಣಬಾರದು. ಏನೂ ಕಾಣದ ಹಾಗೆ ಮಾಡಲು ನೆಲದಿಂದ ಸೂರಿನ ತನಕ ಕಪಾಟು ಬೇಕು. ಕಪಾಟಿಗೆ ಹಿಡಿ ಕೂಡ ಇರಬಾರದು, ತಳ್ಳಿದರೆ ತೆರೆಯಬೇಕು, ಅದಕ್ಕೆ ರೇಟು ಜಾಸ್ತಿ. ಲಕ್ಷಗಟ್ಟಲೆ ಸುರಿದ ಮೇಲೆ ಹಾಲ್ ಖಾಲಿ ಹೊಡೆಯುತ್ತದೆ, ಬಂದವರೆಲ್ಲ "ಎಷ್ಟು ಸಿಂಪಲ್ಲಾಗಿದೆ" ಅನ್ನುತ್ತಾರೆ. ಮೇಷ್ಟ್ರ ಗೀತೋಪದೇಶಗಳು ಬಾಗಿಲ ಹಿಂದೆ ಒಂದರ ಮೇಲೊಂದು ಮಲಗಿರುತ್ತವೆ.

ಆಯ್ದಕ್ಕಿ ಲಕ್ಕಮ್ಮ ಹನ್ನೆರಡನೇ ಶತಮಾನದಲ್ಲಿ ಹುಟ್ಟಿ ಬಚಾವಾದರು. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವರು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಇಷ್ಟು ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂದವರು ಲಕ್ಕಮ್ಮ. ಇವತ್ತು ಹೀಗೆ ಮಾಡಿದ್ದರೆ ನಾವು ಬಿಡುತ್ತಿದ್ದೆವಾ? ವಾರದೊಳಗೆ ಟೌನ್‌ಹಾಲಿನಲ್ಲಿ 'ಅಕ್ಕಿ ಹಿಂದಿರುಗಿಸಿದ ದಿಟ್ಟ ಮಹಿಳೆ' ಅಂತ ಪ್ರಶಸ್ತಿ, ಜೊತೆಗೆ ಪ್ರಾಯೋಜಕರ ಕಡೆಯಿಂದ 25 ಕೆಜಿ ಸೋನಾ ಮಸೂರಿ ಮೂಟೆ. ಮಾರಯ್ಯ ಪಾಪ ಅದನ್ನು ಹೊತ್ತು ಎಲ್ಲಿಗೆ ಹೋಗಬೇಕು?

ಗಾಂಧೀಜಿ ಮಾತ್ರ ಸರಿಯಾಗಿ ಸಿಕ್ಕಿಹಾಕಿಕೊಂಡರು. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಹೋಗುವಾಗ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಸುಂಕದವರು ಏನೇನು ತಂದಿದ್ದೀರಿ ಅಂತ ಕೇಳಿದರು. ಆರು ಚರಕ, ಜೈಲಿನ ತಟ್ಟೆ ಬಟ್ಟಲು, ಒಂದು ಕ್ಯಾನ್ ಆಡಿನ ಹಾಲು, ಮನೆಯಲ್ಲೇ ನೇಯ್ದ ಆರು ತುಂಡು ಪಂಚೆ ಮತ್ತು ಟವೆಲ್ಲು, ಆಮೇಲೆ ಅಷ್ಟೇನೂ ಬೆಲೆ ಬಾಳದ ನನ್ನ ಹೆಸರು ಅಂದರು ಗಾಂಧೀಜಿ. ಆ ಕೊನೆಯ ಸಾಮಾನಿನ ಬೆಲೆ ಮಾರುಕಟ್ಟೆಗೆ ಚೆನ್ನಾಗಿ ಗೊತ್ತಿತ್ತು. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ಜೇಬು ಗಡಿಯಾರ, ಬಟ್ಟಲು, ತಟ್ಟೆ ಹರಾಜಾದವು. 18 ಲಕ್ಷ ಡಾಲರ್. ಕೊಂಡವರು ಬೇರೆ ಯಾರೂ ಅಲ್ಲ, ನಮ್ಮ ವಿಜಯ್ ಮಲ್ಯ. ಜೀವನವಿಡೀ ಪಾನನಿಷೇಧ ಹೇಳಿದವರ ಬಟ್ಟಲು ಬಿಯರ್ ಮಾಲೀಕರ ಕೈಗೆ ಬಂತು, ಮತ್ತು ದೇಶದ ಮಾನ ಉಳಿಯಿತು ಅಂತ ನಾವೆಲ್ಲ ಚಪ್ಪಾಳೆ ಹೊಡೆದೆವು.

ಅದೇ ವರ್ಷ ಮಾಂಟ್‌ಬ್ಲಾಂಕ್ ಕಂಪನಿ ಗಾಂಧಿ ಹೆಸರಲ್ಲಿ ಚಿನ್ನದ ಪೆನ್ನು ತಂದಿತು. ಬೆಲೆ 11 ಲಕ್ಷ ರೂಪಾಯಿಗೂ ಮೇಲೆ. ನಿಬ್ಬಿನ ಮೇಲೆ ಕೋಲು ಹಿಡಿದು ನಡೆಯುವ ಗಾಂಧಿ. ಮಾಡಿದ್ದು 241 ಪೆನ್ನು ಮಾತ್ರ, ಯಾಕೆಂದರೆ ದಂಡಿ ಯಾತ್ರೆ 241 ಮೈಲಿ. ಲೆಕ್ಕ ನೋಡಿ, ಎಷ್ಟು ಭಕ್ತಿಯಿಂದ ಮಾಡಿದ್ದಾರೆ! ಮೈಲಿಗೊಂದು ಪೆನ್ನು. ಕೇರಳ ಹೈಕೋರ್ಟಿನಲ್ಲಿ ಕೇಸು ಬಿದ್ದ ಮೇಲೆ ಮಾರಾಟ ನಿಲ್ಲಿಸಿದರು. ಇಲ್ಲದಿದ್ದರೆ ಚಿಟಿಕೆ ಉಪ್ಪಿಗೂ ಚಿನ್ನದ ಡಬ್ಬಿ ಬರುತ್ತಿತ್ತು. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯಾರೋ ಒಬ್ಬರು ಗಾಂಧಿಯವರದ್ದು ಅನ್ನಲಾದ ಕನ್ನಡಕವನ್ನು ಲಕೋಟೆಯಲ್ಲಿ ಹಾಕಿ ಹರಾಜು ಕಂಪನಿಯ ಟಪಾಲು ಡಬ್ಬಿಗೆ ತುರುಕಿ ಹೋದರು. 2 ಲಕ್ಷ 60 ಸಾವಿರ ಪೌಂಡಿಗೆ ಹೋಯಿತು. ಕಡಿಮೆ ಇಟ್ಟುಕೊಂಡವರ ಸಾಮಾನಿಗೆ ಇರುವಷ್ಟು ಗಿರಾಕಿ ಜಾಸ್ತಿ ಇಟ್ಟುಕೊಂಡವರ ಸಾಮಾನಿಗೆ ಇಲ್ಲ.

ಜಪಾನಿನ ಮರಿ ಕೊಂಡೊ ಇದನ್ನು ಬೇಗ ಅರ್ಥ ಮಾಡಿಕೊಂಡರು. ಮನಸ್ಸಿಗೆ ಖುಷಿ ಕೊಡದ ಸಾಮಾನನ್ನು ಆಚೆ ಹಾಕಿ ಅಂತ ಜಗತ್ತಿಗೆಲ್ಲ ಹೇಳಿಕೊಟ್ಟರು, ಜನ ಚೀಲಗಟ್ಟಲೆ ಆಚೆ ಹಾಕಿದರು. 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಕಾರ್ಯಕ್ರಮ, ಅದೇ ನವೆಂಬರಿನಲ್ಲಿ ಆನ್‌ಲೈನ್ ಅಂಗಡಿ. ಖಾಲಿಯಾದ ಜಾಗಕ್ಕೆ ಬೇಕಾದ ಸಾಮಾನು ಅಲ್ಲೇ ಸಿಗುತ್ತಿತ್ತು, ಶ್ರುತಿ ಹಿಡಿಯುವ ಕವೆಗೋಲು ಮತ್ತು ಸ್ಫಟಿಕದ ಕಲ್ಲು ಸೇರಿ 75 ಡಾಲರ್. ಮೂರನೇ ಮಗು ಆದ ಮೇಲೆ, 2023ರಲ್ಲಿ, ಮನೆ ಓರಣ ಮಾಡುವುದನ್ನು ನಾನೇ ಹೆಚ್ಚುಕಮ್ಮಿ ಬಿಟ್ಟಿದ್ದೇನೆ ಅಂದರು. ಅವರ ಮಾತು ಕೇಳಿ ಅಜ್ಜಿಯ ಹಿತ್ತಾಳೆ ಪಾತ್ರೆ ಮಾರಿದವರು ಯಾರನ್ನು ಕೇಳಬೇಕೋ ಗೊತ್ತಿಲ್ಲ.

ನಮ್ಮ ಸರ್ಕಾರಕ್ಕೂ ಒಮ್ಮೆ ಈ ವಿಷಯದಲ್ಲಿ ಜ್ಞಾನೋದಯ ಆಯಿತು, ಸುಳ್ಳು ಹೇಳಬಾರದು. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, 2021ರ ಆಗಸ್ಟಿನಲ್ಲಿ, ಸರ್ಕಾರಿ ಸಭೆಗಳಲ್ಲಿ ಹಾರ ತುರಾಯಿ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಯಾವುದೂ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಬಂತು. 2023ರ ಮೇನಲ್ಲಿ ಸಿದ್ದರಾಮಯ್ಯ ಕೂಡ ಹೂವು, ಶಾಲು ಸ್ವೀಕರಿಸುವುದಿಲ್ಲ, ಪುಸ್ತಕ ಕೊಡಿ ಅಂದರು. ಪಕ್ಷ ಯಾವುದಾದರೂ ಶಾಲಿನ ವಿಷಯದಲ್ಲಿ ಒಮ್ಮತ. ಎರಡು ಸರ್ಕಾರ ಹೇಳಿದರೂ ಶಾಲು ಜಗ್ಗಲಿಲ್ಲ. ಆದೇಶ ಸರ್ಕಾರಿ ಸಭೆಗಳಿಗೆ ತಾನೇ? ಸಂಘ, ಸಂಸ್ಥೆ, ಬಳಗ, ವೇದಿಕೆಗಳ ತಂಟೆಗೆ ಅದು ಬರಲ್ಲ. ಅಲ್ಲೀಗ ಪುಸ್ತಕ ಸೇರಿಕೊಂಡಿದೆ, ಶಾಲಿನ ಬದಲು ಅಲ್ಲ, ಶಾಲಿನ ಜೊತೆ. ಆ ಪುಸ್ತಕಕ್ಕೂ ಬಣ್ಣದ ಕಾಗದ ಸುತ್ತಿರುತ್ತಾರೆ, ಬಹಳ ಕಡೆ ಅದನ್ನು ಬಿಚ್ಚುವುದೇ ಇಲ್ಲ. ಪುಸ್ತಕ ಬಿಡುಗಡೆಗೆ ಹೋದರಂತೂ ಲೇಖಕರಿಗೆ ಶಾಲು, ಬಿಡುಗಡೆ ಮಾಡಿದವರಿಗೆ ಶಾಲು, ಪ್ರಕಾಶಕರಿಗೆ ಶಾಲು, ಹಿಂದಿನ ಸಾಲಿನಲ್ಲಿ ಓದುಗ ಒಬ್ಬ ಇದ್ದರೆ ಅವನಿಗೆ ಉಪ್ಪಿಟ್ಟು.

ಮನೆ ಸಮಾರಂಭಗಳೂ ಕಡಿಮೆ ಇಲ್ಲ. ಮದುವೆ ಕಾರ್ಡಿನಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸಿ, ಸ್ಟೇಜಿನ ಪಕ್ಕ ಚಿಕ್ಕಪ್ಪನನ್ನು ಬ್ಯಾಗ್ ಕೊಟ್ಟು ನಿಲ್ಲಿಸುತ್ತಾರೆ. ಆದರೆ ಈ ಇಡೀ ವ್ಯವಹಾರದಲ್ಲಿ ಒಂದು ವಸ್ತುವನ್ನು ಮೆಚ್ಚಬೇಕು, ಅದು ಬ್ಲೌಸ್ ಪೀಸು. ಊರೂರು ತಿರುಗುವ ಜಂಗಮನ ಹಾಗೆ ಅದು ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ವರಮಹಾಲಕ್ಷ್ಮಿಗೆ ಬಂದದ್ದು ಗೌರಿ ಹಬ್ಬಕ್ಕೆ ಹೊರಡುತ್ತದೆ, ಗೌರಿಗೆ ಹೋದದ್ದು ಸೀಮಂತಕ್ಕೆ. ಹೊಲಿಸಿಕೊಳ್ಳುವ ಆಸೆ ಅದಕ್ಕೂ ಇಲ್ಲ, ತಗೊಂಡವರಿಗೂ ಇಲ್ಲ. ಎಷ್ಟು ತಲೆಮಾರಿನ ಹೆಂಗಸರು ಸೇರಿ ನಡೆಸಿಕೊಂಡು ಬಂದಿರುವ ವ್ಯವಸ್ಥೆ ಇದು! ಇದಕ್ಕೆ ಆದೇಶವೂ ಬೇಕಾಗಲಿಲ್ಲ, ಅಂಗಡಿಯೂ ಬೇಕಾಗಲಿಲ್ಲ.

ಹಾಗಾಗಿ ನಮ್ಮ ಬಡಾವಣೆ ಸಂಘದವರು ಈ ಸಲದ ರಾಜ್ಯೋತ್ಸವದ ಖರ್ಚಿನ ಚರ್ಚೆಗೆ ಕೂತಾಗ ನಾನೊಂದು ಸಲಹೆ ಕೊಟ್ಟೆ. ಸನ್ಮಾನವನ್ನೂ ಬ್ಲೌಸ್ ಪೀಸಿನ ದಾರಿಗೆ ತರೋಣ. ಸಂಘಕ್ಕೆ ಒಂದೇ ಶಾಲು, ಒಂದೇ ಪೇಟ. ಹೊದಿಸುವುದು, ಫೋಟೋ ತೆಗೆಯುವುದು, ಮೆಟ್ಟಿಲಿಳಿಯುವಾಗ ವಾಪಸ್ ಇಸ್ಕೊಳ್ಳುವುದು. ಥ್ರೀಡಿ ಸಿನಿಮಾ ಕನ್ನಡಕ ವಾಪಸ್ ಕೊಡಲ್ವಾ? ಹಣ್ಣಿನ ಬುಟ್ಟಿಯಲ್ಲಿ ಹೇಗೂ ಪೇಪರೇ ಜಾಸ್ತಿ, ಮೇಲಿನ ಸಾಲಿಗೆ ಮಣ್ಣಿನ ಹಣ್ಣು ಇಟ್ಟರೆ ಹತ್ತು ವರ್ಷ ಬರುತ್ತದೆ. ಖಜಾಂಚಿಯವರಿಗೆ ಬಹಳ ಹಿಡಿಸಿತು. ಕಾರ್ಯದರ್ಶಿಗಳು ಮಾತ್ರ ಪೆನ್ನು ಕಚ್ಚುತ್ತಾ ಕೂತರು.

"ಎಲ್ಲಾ ಸರಿ ಸಾರ್, ಸ್ಮರಣಿಕೆ? ಅದರಲ್ಲಿ ಹೆಸರು ಇರುತ್ತಲ್ಲ."

"ಒಂದು ಸ್ಲೇಟು ತಗೊಳ್ಳಿ. ಬಳಪದಲ್ಲಿ ಹೆಸರು ಬರೀರಿ. ಸಭೆ ಆದ ಮೇಲೆ ಒರೆಸಿ, ಮುಂದಿನ ವರ್ಷದವರ ಹೆಸರು ಬರೆದರಾಯ್ತು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮುಖ ಅರಳಿತು.

"ಸ್ಲೇಟು ಒಳ್ಳೆ ಐಡಿಯಾ ಸಾರ್, ಹಳೇ ಕಾಲದ ಸರಳತೆ ಇದೆ ಅದರಲ್ಲಿ. ಹೆಸರು ಅಳಿಸದ ಹಾಗೆ ಮೇಲೊಂದು ಗಾಜು ಹಾಕಿಸಿ, ತೇಗದ ಫ್ರೇಮ್ ಕಟ್ಟಿಸಿ, ಎಲ್ಲರಿಗೂ ಒಂದೊಂದು ಕೊಟ್ಟುಬಿಡೋಣ."