ಕೆಂಪಾದ ಕಣ್ಣೆಲ್ಲ ಮದ್ರಾಸ್ ಐ ಅಲ್ಲ

ಸಿಟ್ಟು ಇನ್ನೂ ಇಳಿದಿಲ್ಲ. ಈ ದಿನ ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪನನ್ನು ಶಿವಮೊಗ್ಗದ ಕಣ್ಣಿನ ವೈದ್ಯರ ಬಳಿಗೆ ಕರೆತಂದೆವು. ಒಕ್ಕಣೆಯ ಹೊತ್ತಿನಲ್ಲಿ ಬಲಗಣ್ಣಿಗೆ ಭತ್ತದ ಹೊಟ್ಟು ಸಿಡಿದು ಇಂದಿಗೆ 9 ದಿನ. ಮೊದಲು ನಂದಿಬಟ್ಟಲು ಹೂವಿನ ರಸ ಬಿಟ್ಟರು. ಆಮೇಲೆ ಔಷಧದ ಅಂಗಡಿಯವರು ಮದ್ರಾಸ್ ಐ ಎಂದು ಕೊಟ್ಟ ಡ್ರಾಪ್ಸ್. ಅದರಲ್ಲಿ ಸ್ಟೀರಾಯ್ಡ್ ಇತ್ತು! ಎರಡು ದಿನ ಕೆಂಪು ಇಳಿಯಿತು, ಮನೆಯವರಿಗೆ ಸಮಾಧಾನವಾಯಿತು. ಒಳಗೆ ಬೂಷ್ಟು ಬೆಳೆಯುತ್ತಿತ್ತು.

ಹೌದು, ಬೂಷ್ಟೇ. ಹೊಟ್ಟೋ ಗರಿಯೋ ತಾಗಿ ಕರಿಗುಡ್ಡೆಯ ಮೇಲಿನ ತಿಳಿಪೊರೆ, ಅಂದರೆ ಕಾರ್ನಿಯಾ, ಗೀರಿದರೆ ಶಿಲೀಂಧ್ರ ಅಲ್ಲಿಂದಲೇ ಒಳಹೊಗುತ್ತದೆ. ಸ್ಟೀರಾಯ್ಡ್ ಕೆಂಪನ್ನಷ್ಟೇ ಅಲ್ಲ, ಶಿಲೀಂಧ್ರದೊಡನೆ ಹೋರಾಡುವ ಕಣ್ಣಿನ ಶಕ್ತಿಯನ್ನೂ ಅಡಗಿಸುತ್ತದೆ.

ವೈದ್ಯರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಂಚಿಗೆ ತಾಗಿಸಿ ನೀಲಿ ಬೆಳಕು ಹಾಯಿಸಿದರು. ಗಾಯವಿದ್ದಷ್ಟು ಜಾಗ ಹಸಿರಾಗಿ ಹೊಳೆಯಿತು. ಆ ಹುಣ್ಣಿನಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶಿಲೀಂಧ್ರದ ಎಳೆಗಳು ಕಂಡವು. ನನ್ನ ಬರಿಗಣ್ಣಿಗೆ ಕಂಡದ್ದು ಸಾಸಿವೆಯಷ್ಟು ಬಿಳಿ ಚುಕ್ಕೆ. ಹುಣ್ಣು ಮಾಗಿದರೂ ಆ ಬಿಳುಪು ಉಳಿದುಬಿಡಬಹುದು. ನಮ್ಮ ಹಿರಿಯರು ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಿದ್ದುದು ಇದಕ್ಕೇ.

ಮದ್ರಾಸ್ ಐ ಬಂದರೆ ಗೀಜು ಕಟ್ಟಿ ರೆಪ್ಪೆ ಅಂಟುತ್ತದೆ, ಇನ್ನೊಂದು ಕಣ್ಣಿಗೂ ಮನೆಯವರಿಗೂ ಹಬ್ಬುತ್ತದೆ, ಗೀಜು ಒರೆಸಿದರೆ ಸಾಮಾನ್ಯವಾಗಿ ದೃಷ್ಟಿ ತಿಳಿಯಾಗಿಯೇ ಇರುತ್ತದೆ. ಚಿಕ್ಕಪ್ಪನಿಗೆ ಕೆಂಪಾದದ್ದು ಒಂದೇ ಕಣ್ಣು. ಪೆಟ್ಟು ಬಿದ್ದ ಕಣ್ಣು. ವಿಪರೀತ ನೋವು, ಬೆಳಕು ನೋಡಲಾಗದು, ಎಲ್ಲವೂ ಮಂಜು. ಇಷ್ಟನ್ನು ಕೇಳಿ ತಿಳಿಯದೆ ಸೀಸೆ ಕೊಡಲು ಕೈಯಾದರೂ ಹೇಗೆ ಬರುತ್ತದೆ?

ಒಕ್ಕಣೆ ಬಿಟ್ಟು, ಆಳುಗಳನ್ನು ಬಿಟ್ಟು, ಬಸ್ ಹಿಡಿದು ಶಿವಮೊಗ್ಗಕ್ಕೆ ಬರುವುದು ಸುಲಭವೇ ಎಂದು ಕೇಳುವವರಿದ್ದಾರೆ. ಸುಲಭವಲ್ಲ. ಅಂದು ಒಂದು ದಿನ ಉಳಿಸಿದ್ದಕ್ಕೆ ಈಗ ವಾರಗಟ್ಟಲೆ ಓಡಾಟ. ಕಣ್ಣು ಬದಲಿಸುತ್ತಾರಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರು ಧೈರ್ಯ ಹೇಳಿದರು. ಬದಲಿಸುವುದು ಕಾರ್ನಿಯಾ ಮಾತ್ರ, ಅದೂ ತೀರಿಕೊಂಡವರ ಕಣ್ಣು ದಾನವಾಗಿ ಬಂದರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಮಗೆಲ್ಲ ಗೊತ್ತು. ಅಂಥ ದಾನಕ್ಕೆ ಕಾದು ಕುಳಿತವರ ಸಾಲಿಗೆ ತಪ್ಪಿಸಬಹುದಾಗಿದ್ದ ಇನ್ನೊಂದು ಕಣ್ಣನ್ನು ಸೇರಿಸುವುದೇ?

ಅಂಗಡಿಯವರನ್ನು ಬೈಯುತ್ತಿದ್ದೇನೆ. ಆದರೆ ನಾಲ್ಕನೆಯ ದಿನ ಚಿಕ್ಕಪ್ಪ ಫೋನ್ ಮಾಡಿ, "ಕಣ್ಣು ಚುಚ್ಚುತ್ತಿದೆ ಮಾರಾಯ, ಏನು ಮಾಡಲಿ?" ಎಂದಾಗ, "ಡ್ರಾಪ್ಸ್ ಬಿಡುತ್ತಿದ್ದೀರಲ್ಲ, ಇನ್ನೆರಡು ದಿನ ನೋಡಿ ಚಿಕ್ಕಪ್ಪ" ಎಂದವನು ನಾನೇ. ಪೆಟ್ಟು ಬಿದ್ದಿತ್ತೇ ಎಂದು ನಾನೂ ಕೇಳಲಿಲ್ಲ.

ಈಗ ರಾತ್ರಿ 2 ಗಂಟೆ. ಅವರು ನಮ್ಮ ಮನೆಯಲ್ಲೇ ಇದ್ದಾರೆ, ಗಂಟೆಗೊಮ್ಮೆ ಔಷಧ ಬಿಡಬೇಕು. ಈಗಷ್ಟೇ ಬಿಟ್ಟು ಬಂದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮೇಲೆ ನೋಡಿದರು. "ಬೆಳಕು ಕಾಣುತ್ತದೆ, ಬಲ್ಬ್ ಕಾಣುತ್ತಿಲ್ಲ" ಎಂದರು.