ದೊಡ್ಡಪ್ಪನ ಮೈನ್ಸ್ ಮತ್ತು ಎಸ್ಸೆನ್‌ನ ಗಣಿ

ನಮ್ಮ ದೊಡ್ಡಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಎಂಬ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಮೈನ್ಸ್ ಮುಚ್ಚಿತು. ಆಮೇಲೆ ಮನೆಯಲ್ಲಿ ಅದರ ಮಾತು ಬಂದರೆ ಸಾಕು, ಅವರು ಎದ್ದು ಜಗುಲಿಗೆ ಹೋಗಿ ಕೂತುಬಿಡುತ್ತಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನಿಯ ಎಸ್ಸೆನ್ ಊರಿನ ಒಂದು ಮುಚ್ಚಿದ ಕಲ್ಲಿದ್ದಲು ಗಣಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದರ ಹೆಸರು ತ್ಸೋಲ್‌ಫೆರೈನ್. ಕೆಲಸದ ಮೇಲೆ ನಾನೀಗ ಅದರ ಹತ್ತಿರದ ಊರಲ್ಲೇ ಇದ್ದೇನೆ. ಹೋದ ತಿಂಗಳು ಮೂರನೇ ಸಲ ನೋಡಿಕೊಂಡು ಬಂದೆ. ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಮನಸ್ಸು ಒದ್ದಾಡುತ್ತಿದೆ.

107ನೇ ನಂಬರ್ ಟ್ರಾಮ್ ಇಳಿದು ನಡೆದರೆ 55 ಮೀಟರ್ ಎತ್ತರದ ಕಬ್ಬಿಣದ ಗೋಪುರ ಕಾಣುತ್ತದೆ. ಶಾಫ್ಟ್‌ನಿಂದ, ಅಂದರೆ ಗಣಿಯ ಆಳದ ಬಾವಿಯಿಂದ, ಕಲ್ಲಿದ್ದಲನ್ನು ಮೇಲೆ ಎಳೆಯುತ್ತಿದ್ದ ಗೋಪುರ ಅದು. 'ಜಗತ್ತಿನ ಅತಿ ಚೆಂದದ ಕಲ್ಲಿದ್ದಲು ಗಣಿ' ಅಂತಲೇ ಈ ಜಾಗಕ್ಕೆ ಪ್ರಚಾರ. 1932ರಲ್ಲಿ ಶುಪ್ ಮತ್ತು ಕ್ರೆಮರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಕಟ್ಟಿದ 12ನೇ ಶಾಫ್ಟ್‌ನಿಂದ ದಿನಕ್ಕೆ 12,000 ಟನ್ ಕಲ್ಲಿದ್ದಲು ಬರುತ್ತಿತ್ತಂತೆ. 1986ರ ಡಿಸೆಂಬರ್ 23ಕ್ಕೆ ಅದೂ ನಿಂತಿತು.

ಆದರೆ ಕೆಡವಲಿಲ್ಲ, ಗುಜರಿಗೂ ಹಾಕಲಿಲ್ಲ. ಅಲ್ಲಿನ ರಾಜ್ಯ ಸರ್ಕಾರ ಜಾಗವನ್ನು ಕೊಂಡುಕೊಂಡಿತು. ಬಾಯ್ಲರ್ ಮನೆ 1997ರಲ್ಲಿ ಡಿಸೈನ್ ಮ್ಯೂಸಿಯಂ ಆಯಿತು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದಲ್ಲಿ 2010ರಲ್ಲಿ ಆ ಗಣಿ ಸೀಮೆಯ ಹೆಸರಿನ ರೂರ್ ಮ್ಯೂಸಿಯಂ ಬಂತು. ಕಲ್ಲಿದ್ದಲನ್ನು ಕಾಯಿಸಿ ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುತ್ತಿದ್ದ ಒಲೆಗಳ ಪಕ್ಕದಲ್ಲಿ ಚಳಿಗಾಲದಲ್ಲಿ ಮಕ್ಕಳು ಐಸ್ ಸ್ಕೇಟಿಂಗ್ ಆಡುತ್ತಾರೆ. ಗಣಿ ನಿಂತ ದಿನದಿಂದ ಈ ರೂರ್ ಮ್ಯೂಸಿಯಂ ಬಾಗಿಲು ತೆರೆಯುವ ತನಕ ಇಪ್ಪತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು. ನಮ್ಮಲ್ಲಿ ಮೊದಲು ಲೋಗೋ, ಮೊದಲು ಫಲಕ ಅಂತ ಓಡುವವರು ಇದನ್ನು ನೋಡಬೇಕು.

ಒಳಗೆ ಹೋಗಲು ಕಿತ್ತಳೆ ಬಣ್ಣದ ಉದ್ದನೆಯ ಎಸ್ಕಲೇಟರ್ ಇದೆ. ಕಲ್ಲಿದ್ದಲು ಬೆಲ್ಟ್ ಮೇಲೆ ಹತ್ತುತ್ತಿದ್ದ ಹಾಗೇ ನಾವು ಹತ್ತುತ್ತೇವೆ. ನಮ್ಮನ್ನು ಕರೆದುಕೊಂಡು ಹೋದ ಗೈಡ್ ಮೊದಲು ಅಲ್ಲಿನ ಗಣಿ ಕೆಲಸಗಾರರೇ. ಎಪ್ಪತ್ತರ ಆಸುಪಾಸು. ಯಂತ್ರಗಳ ಮಧ್ಯೆ ನಿಂತು, ಇಲ್ಲಿ ಪಕ್ಕದವನು ಕೂಗಿದರೂ ಕೇಳಿಸುತ್ತಿರಲಿಲ್ಲ, ಎಷ್ಟೋ ಜನಕ್ಕೆ ಕಿವಿಯೇ ಹೋಯಿತು ಅಂದರು. ಆಮೇಲೆ ತೋಳು ಮಡಚಿ ಕೈ ತೋರಿಸಿದರು. ಚರ್ಮದೊಳಗೆ ನೀಲಿ ಗೆರೆಗಳು. ಗಾಯದಲ್ಲಿ ಕಲ್ಲಿದ್ದಲ ಪುಡಿ ಸೇರಿ, ಅದರ ಮೇಲೇ ಚರ್ಮ ಕೂಡಿಕೊಂಡರೆ ಹಾಗಾಗುತ್ತದೆ. ಉಜ್ಜಿದರೆ ಹೋಗೋದಲ್ಲ. ನನಗೆ ಗೋಪುರ, ಎಸ್ಕಲೇಟರ್ ಎಲ್ಲಾ ಮರೆತುಹೋಯಿತು. ಆ ಕೈ ಇನ್ನೂ ಕಣ್ಣ ಮುಂದಿದೆ.

ಆ 'ಚೆಂದ' ಎಂಬ ಮಾತಿನ ಬಗ್ಗೆ ನನಗೆ ತಕರಾರಿದೆ. ಚೆಂದ ಇರುವುದು ಕಟ್ಟಡ. ಒಳಗೆ ಇದ್ದದ್ದು ಧೂಳು, ಕೆಮ್ಮು. ಮ್ಯೂಸಿಯಂ ಕೊಡುವ ಕೆಲಸ ಸಾವಿರಾರು ಗಣಿ ಕೆಲಸಗಳಿಗೆ ಸಮ ಆಗಲಿಲ್ಲ. ಎಸ್ಸೆನ್‌ನ ಉತ್ತರ ಭಾಗ ಇವತ್ತಿಗೂ ಆ ಊರಿನ ಬಡವರ ಕಡೆಯೇ. ಇಷ್ಟಾದರೂ ಈ ಜಾಗಕ್ಕೆ ಬಂದ ಹೆಸರು ಸುಳ್ಳು ಅನ್ನಿಸುವುದಿಲ್ಲ. ಕಾರಣ ಆ ಗೈಡ್‌ನಂಥವರು. ಅಲ್ಲಿ ದುಡಿದವರೇ ಅಲ್ಲಿನ ಕಥೆ ಹೇಳುತ್ತಾರೆ.

ಕೆಜಿಎಫ್‌ಗೆ ಹೆಸರಿನ ಕೊರತೆ ಇಲ್ಲ. ಲಿಟಲ್ ಇಂಗ್ಲೆಂಡ್ ಅಂತಾರೆ, ಚಿನ್ನದ ನಾಡು ಅಂತಾರೆ. ಸಿನಿಮಾ ಬಂದ ಮೇಲಂತೂ ಇಡೀ ದೇಶಕ್ಕೇ ಗೊತ್ತು. ಪ್ರವಾಸಿ ತಾಣ ಮಾಡಬೇಕು ಅನ್ನುವ ಮಾತು ಆಗಾಗ ಬರುತ್ತದೆ. ಆಗೆಲ್ಲ ತೋರಿಸುವುದು ಬಂಗಲೆ, ಕ್ಲಬ್. 3 ಕಿಲೋಮೀಟರ್‌ಗೂ ಆಳಕ್ಕೆ, ಆ ಕಾವಿನಲ್ಲಿ ಕೇಜ್ (ಗಣಿಯ ಲಿಫ್ಟ್) ಹತ್ತಿ ಇಳಿದವರು ಎಲ್ಲಿ? ಆಳದ ಒತ್ತಡಕ್ಕೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್‌ನಲ್ಲಿ ಸತ್ತವರು ಎಲ್ಲಿ? ಗಾಳಿ ಬೀಸಿದರೆ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಯ) ಧೂಳು ಇವತ್ತಿಗೂ ಮನೆಯೊಳಗೆ ಬರುತ್ತದೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಓಡುವವರು ಅದೇ ಗಣಿ ಕೆಲಸಗಾರರ ಮಕ್ಕಳು. ಇವರನ್ನು ಬಿಟ್ಟು ಬರೀ ಚಿನ್ನದ ಬಣ್ಣ ಬಳಿದರೆ ಅದು ನಮ್ಮೂರು ಆಗುವುದಿಲ್ಲ.

ಶಾಫ್ಟ್ ಮೇಲಿನ ಗೋಪುರಗಳನ್ನು ಗುಜರಿಗೆ ಹಾಕಬೇಡಿ. ದಿಬ್ಬದ ಧೂಳು ಮನೆಗಳಿಗೆ ಬಾರದ ಹಾಗೆ ಮೊದಲು ಏನಾದರೂ ಮಾಡಿ. ಕೆಳಗೆ ಇಳಿದವರನ್ನೇ ಗೈಡ್ ಮಾಡಿ, ಸಂಬಳ ಕೊಡಿ. ಅವರು ತಮಿಳಲ್ಲಿ ಹೇಳಲಿ, ತೆಲುಗಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ. ಆ ಊರು ಮಾತಾಡುವುದೇ ಹಾಗೆ ಅಲ್ವಾ? ಇದಕ್ಕೆ ಟೈಮ್ ಜಾಸ್ತಿ ಇಲ್ಲ. ಮೈನ್ಸ್ ಮುಚ್ಚಿದಾಗ ನಲವತ್ತು ದಾಟಿದ್ದವರಿಗೆ ಈಗ ಅರವತ್ತು ದಾಟಿದೆ.

ದೊಡ್ಡಪ್ಪ ಈಗಿಲ್ಲ. ಅವರನ್ನು ಏನೂ ಕೇಳದೆ ಉಳಿದೆ ಅನ್ನುವ ನೋವು ನನಗಿದೆ. ಅವರ ಶಿಫ್ಟ್‌ನಲ್ಲೇ ಇಳಿಯುತ್ತಿದ್ದ ಇಬ್ಬರು ಇನ್ನೂ ಊರಲ್ಲಿದ್ದಾರೆ. ಡಿಸೆಂಬರ್‌ನಲ್ಲಿ ಬಂದಾಗ ಅವರ ಹತ್ತಿರ ಕೂತು ಎಲ್ಲಾ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲೂ ಮೈನ್ಸ್‌ನಲ್ಲಿ ದುಡಿದವರು ಇದ್ದರೆ ನನಗೊಂದು ಮೆಸೇಜ್ ಹಾಕಿ. ಮನೆಗೇ ಬರುತ್ತೇನೆ.