ಒತ್ತಬೇಕೋ, ಬೇಡವೋ

ಕಂಪ್ಯೂಟರ್ ಜೋಡಿಸೋದು ಬಹಳ ಸುಲಭ ಅಂತ ವಿಡಿಯೋದಲ್ಲಿ ಹೇಳುವವರಿಗೆಲ್ಲ ಒಂದು ಅನುಕೂಲ ಇದೆ. ಅವರ ಪಕ್ಕದಲ್ಲಿ ಭಾವ ಕೂತಿರುವುದಿಲ್ಲ.

ನಿನ್ನೆ ನನ್ನ ಪಕ್ಕದಲ್ಲಿ ಕೂತಿದ್ದರು. ಕೈಯಲ್ಲಿ ಮೊಬೈಲ್ ಟಾರ್ಚ್. ನಾನು ಬಲಗಡೆ ಸ್ಕ್ರೂ ತಿರುಗಿಸಿದರೆ ಬೆಳಕು ಎಡಗಡೆ. "ಇದೇನು, ಫ್ಯಾನಾ?" ಅಂತ ಅವರಿಗೆ ಅಲ್ಲಿ ಕುತೂಹಲ.

ಈ ಕೆಲಸದಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಮರ್ಯಾದೆ. ಕಂಪ್ಯೂಟರಿನ ಮೆದುಳು ಅನ್ನುವ ಪ್ರೊಸೆಸರನ್ನು ಒತ್ತಲೇಬಾರದು. ಮೂಲೆಯ ತ್ರಿಕೋನದ ಗುರುತು ಹೊಂದಿಸಿ ಸುಮ್ನೆ ಇಟ್ಟುಬಿಡಬೇಕು. ಎಲ್‌ಜಿಎ 1700 ಅನ್ನುವ, ಪ್ರೊಸೆಸರ್ ಕೂರುವ ಸಾಕೆಟ್ ಅಂದರೆ ಕೂದಲೆಳೆಯಂಥ 1700 ಪಿನ್ನು. ಒಂದು ಬಾಗಿದರೂ ಮದರ್‌ಬೋರ್ಡು ಕೈಕೊಡಬಹುದು. ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಪೂರಾ ಉಲ್ಟಾ. ಬೋರ್ಡೇ ಬಾಗುತ್ತೇನೋ ಅನ್ನುವಷ್ಟು ಒತ್ತಿದರೇ ಅದು 'ಟಕ್' ಅನ್ನುವುದು.

ಭಾವನವರ ಸಲಹೆ ಹೀಗಿತ್ತು. ಪ್ರೊಸೆಸರ್‌ಗೆ, "ಸ್ವಲ್ಪ ಒತ್ತು ಮಾರಾಯ, ಕೂತ್ಕೊಳ್ಳುತ್ತೆ." ರ‍್ಯಾಮ್‌ಗೆ, "ಮೆಲ್ಲಗೆ, ಮುರಿದೀತು!"

ನಡುವೆ ಬೋರ್ಡಿನ ಮೇಲೂ ಬೆರಳು ಇಡಲು ಬಂದರು. "ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಭಾವ, ಮೈಯಲ್ಲಿ ಸ್ಟ್ಯಾಟಿಕ್ ಇರುತ್ತೆ" ಅಂದೆ. "ನನಗೇನೂ ಶಾಕ್ ಹೊಡೀತಿಲ್ವಲ್ಲ?" ನಮಗೆ ಚುರುಕ್ ಅನ್ನಲು ಸುಮಾರು 3000 ವೋಲ್ಟ್ ಬೇಕು, ಚಿಪ್ಪು ಅದಕ್ಕಿಂತ ಎಷ್ಟೋ ಕಡಿಮೆಗೇ ಸಾಯಬಹುದು ಅಂತ ವಿವರಿಸಿದೆ. ವಿವರಿಸಬಾರದಿತ್ತು ನೋಡಿ. ಅಲ್ಲಿಂದ ಅವರೇ ಇನ್‌ಸ್ಪೆಕ್ಟರ್. ನಾನು ಸ್ಕ್ರೂ ಎತ್ತಿಕೊಂಡರೆ "ಮುಟ್ಟಿದೆಯಾ?" ಮ್ಯಾನ್ಯುಯಲ್ ಪುಟ ತಿರುವಿದರೆ "ಮುಟ್ಟಿದೆಯಾ?" ಖಾಲಿ ರಟ್ಟಿನ ಡಬ್ಬ ಪಕ್ಕಕ್ಕೆ ಸರಿಸಿದರೂ "ಮುಟ್ಟಿದೆಯಾ?" ಮಾದರಿ ತೋರಿಸಲು ತಾವೂ ಮುಟ್ಟುತ್ತಿದ್ದರು, ಅದೂ ಟಾರ್ಚ್ ಹಿಡಿದ ಕೈಯಲ್ಲೇ. ಅಷ್ಟು ಹೊತ್ತು ನನಗೆ ಕತ್ತಲೆ. ಅಂಥ ಒಂದು ಕತ್ತಲೆಯಲ್ಲೇ, ಫೈಲುಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿಯ ಪುಟ್ಟ ಎಂ2 ಅಳತೆಯ ಸ್ಕ್ರೂ ಜಾರಿಬಿತ್ತು. "ಇಷ್ಟೊಂದು ಸ್ಕ್ರೂ ಇದ್ಯಲ್ಲ, ಬೇರೆ ಹಾಕು" ಅಂದರು. ಕ್ಯಾಬಿನೆಟ್ ಜೊತೆ ಬಂದದ್ದೆಲ್ಲ ದಪ್ಪ ಎಂ3 ಮತ್ತು 6-32 ಅಳತೆಯವು. ಅವು ಆ ತೂತಿಗೆ ಇಳಿಯುವುದೇ ಇಲ್ಲ.

ಅಪ್ಪ ರೇಡಿಯೊ ಬಿಚ್ಚಿಕೊಂಡು ಕೂತಾಗ ಟಾರ್ಚ್ ಹಿಡಿಯುವುದು ನನ್ನ ಪಾಲಿಗೆ ಬರುತ್ತಿತ್ತು. "ಇಲ್ಲಿ ಹಿಡಿಯೋ, ಗೋಡೆಗಲ್ಲ" ಅಂತ ಬೈಯುತ್ತಿದ್ದರು. ಆ ಬೈಗುಳ ಈಗ ಯಾರೂ ಬೈಯುವುದಿಲ್ಲ. ನಾನಾದರೂ ಬೈಯೋಣವೆಂದರೆ ಭಾವ ವಯಸ್ಸಿನಲ್ಲಿ ದೊಡ್ಡವರು.

ಕೊನೆಗೆ ಉಳಿದದ್ದು ಮುಂಭಾಗದ ಪುಟ್ಟ ವೈರುಗಳು. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ನೋಡಬೇಕು, ಪವರ್ ಸ್ವಿಚ್ಚಿಗೆ ಹೇಗೆ ಹಾಕಿದರೂ ಸರಿ. ಅದನ್ನೂ ಮುಗಿಸಿ ಪವರ್ ಬಟನ್ನಿಗೆ ಕೈ ಹಾಕಿದೆ. ಭಾವ ಗಾಬರಿಯಿಂದ ನನ್ನ ಕೈ ಹಿಡಿದರು.

"ತಾಳು, ತಾಳು. ಇದನ್ನ ಒತ್ತಬೇಕೋ, ಬೇಡ್ವೋ?"